ಯಾರೂ ಪೂರ್ತಿ ಕೇಳದ ನನ್ನ ಸೈಕಲ್ ಹಾಡು

ದೊಡ್ಡ ಕಲಾವಿದರ ಹಿಂದೆ ಫಜೀತಿಯ ಪ್ರಸಂಗಗಳು, ಕಬ್ಬಿನ ಗಾಡಿಯ ಹಿಂದೆ ಮಕ್ಕಳು ಓಡಿದಂತೆ ಓಡಿ ಬರುತ್ತವೆ. ನನ್ನ ಹಿಂದಂತೂ ಇಡೀ ಶಾಲೆಯೇ ಓಡಿ ಬಂದಿತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಚಿಕ್ಕೋಡಿಯಲ್ಲಿ ಗಿಟಾರ್ ಹಿಡಿದು, ತಾನೇ ಹಾಡು ಕಟ್ಟಿ, ತಾನೇ ಹಾಡುವ ಪಾಪ್ ಗಾಯಕನೆಂದರೆ ನಾನೊಬ್ಬನೇ. ಹೀಗಾಗಿ ನಂಬರ್ ಒನ್ ಯಾರು ಎಂಬ ಜಗಳವೇ ಇರಲಿಲ್ಲ.

ಜಗಳ ಇದ್ದದ್ದು ಅಪ್ಪನ ಜೊತೆ. ಅಪ್ಪನದು ಕಾಳಿನ ಅಂಗಡಿ. ಕೊಲ್ಹಾಪುರದಿಂದ ನಾನು ಗಿಟಾರ್ ತಂದ ದಿನ ತಕ್ಕಡಿ ತೋರಿಸಿ ಹೇಳಿದ: "ನಿಂದೊಂದ ಹಾಡು ಮಂದಿ ಕಡೀತನಕಾ ಕುಂತು ಕೇಳ್ಲಿ. ನಿನ್ನ ಅಂಗಡಿಗೆ ಬಾ ಅನ್ನೂದಿಲ್ಲ. ಕೇಳಲಿಲ್ಲಂದ್ರ ಗಿಟಾರ್ ಗ್ವಾಡಿಗೆ, ತಕ್ಕಡಿ ಕೈಗೆ!"

ನನಗೇನು ಹೆದರಿಕೆ? ಹಾಡು ರೆಡಿ ಇತ್ತು:

"ಸೈಕಲ್ ಮ್ಯಾಲ ಹೋದಾಕಿ,
ಎದಿ ಪಂಚರ್ ಮಾಡಿ ನಕ್ಕಾಕಿ..."

ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂಬುದು ಕೊನೆಯ ನುಡಿಯಲ್ಲಿತ್ತು. ಅಲ್ಲಿಯವರೆಗೆ ಜನ ಕೂತರೆ ಸಾಕಿತ್ತು.

ಭಜನೆಯವರು

ನಮ್ಮ ಓಣಿಯ ಭಜನಾ ಮೇಳದ ಹಾರ್ಮೋನಿಯಂ ಪೇಟಿ ಬಾರಿಸುವವರು ಮಗಳ ಮನೆಗೆಂದು ನಿಪ್ಪಾಣಿಗೆ ಹೋಗಿದ್ದರು. ಮೇಳದ ಹಿರಿಯರು ನನ್ನನ್ನೇ ಕರೆದರು. ಮಂಗಳಾರತಿ ಆಗುವತನಕ ಯಾರೂ ಏಳುವಂತಿಲ್ಲ, ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಕ್ಕೀತು ಎಂದು ಸೈಕಲ್ ಹಾಡನ್ನೇ ತೆಗೆದೆ.

ಒಂದು ಮರೆತಿದ್ದೆ. ಭಜನೆಯಲ್ಲಿ ಮುಂದಿನವ ಹೇಳಿದ ಸಾಲನ್ನು ಹಿಂದಿನವರೆಲ್ಲ ತಿರುಗಿ ಹೇಳಬೇಕು. ಹಲ್ಲು ಹೋದ ಮುದುಕರೆಲ್ಲ ತಾಳ ಕುಟ್ಟುತ್ತ, ಕಣ್ಣು ಮುಚ್ಚಿ, ಭಕ್ತಿಯಿಂದ "ಎದಿ ಪಂಚರ್ ಮಾಡಿ ನಕ್ಕಾಕಿ" ಎಂದು ಎತ್ತಿಕೊಂಡರು. ಅದೇ ಹೊತ್ತಿಗೆ ಹಿರಿಯರ ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

"ಯಾವಾಕಿರೀ ಆಕಿ?"

"ಏ, ಇಂವ ಹೇಳಿದ್ದನ್ನ ನಾವು ಹೇಳಬೇಕು. ಪದ್ಧತಿ ಐತಿ!"

"ಹಂಗಾರ ಮನಿಗೆ ನಡೀರಿ. ನಾ ಹೇಳೂದನ್ನೂ ಒಂದೀಟು ತಿರುಗಿ ಹೇಳೀರಂತ!"

ಕಬ್ಬಿನ ಗಾಡಿಯವರು

ಎದ್ದು ಹೋಗಲಾರದ ಜನವೇ ಬೇಕೆಂದು ಉಗಾರ ಖುರ್ದಕ್ಕೆ ಹೋದೆ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ದಿನಗಟ್ಟಲೆ ಪಾಳಿ ಹಚ್ಚಿ ನಿಲ್ಲುತ್ತಿದ್ದ ಕಾಲ. ಪಾಳಿ ಬಿಟ್ಟು ಯಾರು ಹೋದಾರು? ಹಾಡು ಸುರು ಮಾಡಿದೆ. ಗಾಡಿಯವರು ತಲೆದೂಗಿದರು. ಎತ್ತುಗಳೂ ತೂಗಿದವು, ಅವು ನೊಣ ಓಡಿಸುತ್ತಿದ್ದವೆಂದು ಹೇಳುವವರು ಹೊಟ್ಟೆಕಿಚ್ಚಿನವರು.

ಎರಡನೇ ನುಡಿಗೆ ಪಾಳಿ ಸರಿಯಿತು. ಸಭೆ ಮುಂದೆ, ಗಿಟಾರ್ ಬಾರಿಸುತ್ತ ನಾನು ಬೆನ್ನಿಗೆ. "ಹಾಡಪ್ಪಾ ಹಾಡು, ಆಕಿ ಹೊಳ್ಳಿ ಬಂದ್ಲೇನು?" ಅನ್ನುತ್ತಲೇ ಗಾಡಿಯವರು ಗೇಟಿನೊಳಗೆ ಹೋದರು. ಕಾವಲುಗಾರ ಕೋಲು ಅಡ್ಡ ಹಿಡಿದ.

"ಕಬ್ಬು ಎಲ್ಲೈತಿ?"

"ಕಲಾವಿದ ಅದೀನ್ರಿ."

"ಹಿಂಡಿದ್ರ ರಸ ಬರತೈತೇನು? ಇಲ್ಲಂದ್ರ ಹೊರಗ ನಿಂದರು!"

ಹುಗ್ಗಿಯ ಸಾಲು

ಕಾಗವಾಡದ ಒಂದು ಮದುವೆಯಲ್ಲಿ ಮೈಕೇ ಸಿಕ್ಕಿತು. ಮೈಕ್‌ಸೆಟ್ಟಿನವನು ಪ್ರೀತಿಯಿಂದ ಕ್ಯಾಸೆಟ್ಟಿಗೂ ತುಂಬಿಕೊಳ್ಳುತ್ತಿದ್ದ. ಮೂರನೇ ನುಡಿ ಮುಗಿಸಿದ್ದೆನಷ್ಟೇ, ಮದುಮಗಳ ಸೋದರಮಾವ ಮೈಕ್ ಕಸಿದು ಒದರಿದ: "ಊಟ ಆಗದವರು ಎದ್ದು ಬರ್ರೀ, ಹುಗ್ಗಿ ಆರಾಕತ್ತೈತಿ!" ಅಲ್ಲಿಗೆ ಹಾಡೂ ಮುಗಿಯಿತು, ಕ್ಯಾಸೆಟ್ಟೂ ಮುಗಿಯಿತು.

ಆ ಕ್ಯಾಸೆಟ್ಟನ್ನು ಅವನು ರಾಯಬಾಗದಿಂದ ಯಡೂರಿನತನಕ ಕಂಡ ಕಂಡ ಮದುವೆಯಲ್ಲಿ ಹಾಕಿದ. ನನ್ನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಹಾಡು ಮಾತ್ರ ಎಲ್ಲರ ಬಾಯಿಗೆ ಬಂತು, ಹುಗ್ಗಿಯ ಕೂಗಿನ ಸಮೇತ.

ಅಥಣಿಯ ಪೆಂಡಾಲು

ಕೊನೆಗೆ ಅಥಣಿಯಲ್ಲಿ ನಮ್ಮ ಸಂಬಂಧಿಕರದೇ ಮದುವೆ. ಮುಂದಿನ ಸಾಲಿನಲ್ಲಿ ಅಪ್ಪ ಕುಳಿತಿದ್ದ. ಪೆಂಡಾಲು ತುಂಬ ಜನ. ಇವತ್ತು ತಕ್ಕಡಿಯೋ ಗಿಟಾರೋ ತೀರ್ಮಾನ ಆಗಲೇಬೇಕು.

ಮೂರನೇ ನುಡಿ ದಾಟಿ ನಾಲ್ಕಕ್ಕೆ ಬಾಯಿ ತೆರೆದಿದ್ದೆ. ಗದ್ದಲ ಎದ್ದಿತು.

"ಏ ತಮ್ಮಾ, ಕಡೀ ಸಾಲು ನುಂಗಿದಿ! ಹುಗ್ಗಿ ಎಲ್ಲೈತಿ?"

"ಅದು ಹಾಡಿನ್ಯಾಗ ಇಲ್ರಿ. ಹಾಡು ಕಟ್ಟಿದವ ನಾನ ಅದೀನಿ."

"ನಾವು ಕ್ಯಾಸೆಟ್ಟಿನ್ಯಾಗ ಕೇಳೇವಿ. ನಮಗ ಹೇಳಾಕ ಬರಬ್ಯಾಡ, ಸರಿಯಾಗಿ ಹಾಡು!"

ಜನರ ಮಾತಿಗೆ ಕಲಾವಿದ ತಲೆಬಾಗಬೇಕು. ತಿರುಗಿ ಮೊದಲಿನಿಂದ ಎತ್ತಿಕೊಂಡೆ. ಮೂರನೇ ನುಡಿ ಮುಗಿಯುತ್ತಲೇ ಇಡೀ ಪೆಂಡಾಲು ಒಂದೇ ದನಿಯಲ್ಲಿ ಹಾಡಿತು: "ಊಟ ಆಗದವರು ಎದ್ದು ಬರ್ರೀ, ಹುಗ್ಗಿ ಆರಾಕತ್ತೈತಿ!"

ಹೊರಗೆ ನಿಂತವರು ಕೇಳಿಸಿಕೊಂಡು ಊಟದ ಮನೆಗೆ ಓಡಿದರು. ಅವರು ಓಡಿದ್ದು ನೋಡಿ ಒಳಗಿನವರೂ ಓಡಿದರು. ಅಡಿಗೆಯವರು ಸೌಟು ಎತ್ತಿ "ಇನ್ನಾ ಕುದ್ದಿಲ್ಲೋ!" ಎಂದು ಒದರುತ್ತಿದ್ದರು.

ಪೆಂಡಾಲು ಖಾಲಿ. ನಾನು ಗಿಟಾರ್ ಕೆಳಗಿಟ್ಟೆ. ಮುಂದಿನ ಸಾಲಿನಲ್ಲಿ ಅಪ್ಪ ಒಬ್ಬನೇ.

"ಯಾಕ ನಿಲ್ಲಿಸಿದಿ?"

"ಮಂದಿ ಹೋತಲ್ಲಪ್ಪಾ."

"ನಾ ಮಂದಿ ಅಲ್ಲೇನು? ಹಾಡು. ಆಕಿ ಹೊಳ್ಳಿ ಬಂದ್ಲೋ ಇಲ್ಲೋ, ನನಗ ಗೊತ್ತಾಗಬೇಕು."

ಹಾಡಿದೆ. ಖಾಲಿ ಕುರ್ಚಿಗಳ ನಡುವೆ ಅಪ್ಪ ಕೊನೆಯ ಸಾಲಿನತನಕ ಕುಳಿತಿದ್ದ. ಎದ್ದು ಟೊಪ್ಪಿಗೆ ಸರಿಮಾಡಿಕೊಂಡು, "ಪಂಚರ್ ಮಾಡಿದಾಕಿನೇ ಪಂಪ್ ತಂದ್ಲು. ಛಲೋ ಆತು. ನಡಿ, ಉಣ್ಣೂಣು" ಅಂದ.

ಆಮೇಲೆ ಯಾವತ್ತೂ ಅಂಗಡಿಗೆ ಬಾ ಅನ್ನಲಿಲ್ಲ. ಬದಲಿಗೆ ಜೋಳ ತೂಗುತ್ತ ತಾನೇ ಆ ಹಾಡು ಹಾಡತೊಡಗಿದ. ಹುಗ್ಗಿಯ ಸಾಲು ಬಂದಾಗ ದನಿ ಇನ್ನಷ್ಟು ಏರುತ್ತಿತ್ತು. ಹೊಸ ಗಿರಾಕಿಗಳು ಚೀಲ ಕೆಳಗಿಟ್ಟು ಅಂಗಡಿಯೊಳಗೆ ಇಣುಕುತ್ತಿದ್ದರು:

"ಸಾವಕಾರ್ರ, ಊಟದ ಎಲಿ ಎಲ್ಲಿ ಹಾಕಿಸೀರಿ?"