ಮುಯ್ಯಾಳಿಗೆ ಹೋದ ಸೈನ್ಯ

ಗೆದ್ದವರು ಗೆದ್ದೆ ಗೆದ್ದೆ ಅಂತ ಹೇಳಿಕೊಂಡು ತಿರುಗಬಾರದಂತೆ, ಅದು ದೊಡ್ಡವರ ಲಕ್ಷಣವಲ್ಲವಂತೆ. ಈ ಮಾತನ್ನು ಮೊದಲು ಆಡಿದವರು ಜನ್ಮದಲ್ಲಿ ಏನನ್ನೂ ಗೆದ್ದವರಲ್ಲ ಅಂತ ನನಗೆ ಬಲವಾದ ಗುಮಾನಿ. ನಾನಂತೂ ಹೇಳಿಕೊಳ್ಳುವವಳೇ. ಮೂಡಿಗೆರೆಯಲ್ಲಿರುವ ನಮ್ಮ ಕಾಫಿಪುಡಿ ಅಂಗಡಿಗೆ ಕಾಲಿಟ್ಟ ಗಿರಾಕಿಗಳಿಗೆಲ್ಲ ಹೇಳಿದ್ದಾಯಿತು. ಪುಡಿ ತೂಗುವಷ್ಟರಲ್ಲಿ ಕತೆ ಮುಗಿಯದಿದ್ದರೆ ಚಿಕೋರಿ ಬೆರೆಸುವ ನೆಪದಲ್ಲಿ ಇನ್ನಷ್ಟು ಹೊತ್ತು ನಿಲ್ಲಿಸಿಕೊಂಡು ಹೇಳಿದ್ದಾಯಿತು. ಕಳಸದಲ್ಲಿರುವ ನನ್ನ ತಂಗಿ ಲಲಿತೆಗೆ ಫೋನಿನಲ್ಲಿ ಎರಡು ಸಲ ಹೇಳಿದೆ. ಮೂರನೆಯ ಸಲ ಶುರು ಮಾಡಿದಾಗ "ಅಕ್ಕಾ, ಹಾಲು ಉಕ್ತಾ ಇದೆ" ಅಂತ ಫೋನ್ ಇಟ್ಟೇಬಿಟ್ಟಳು. ಮಧ್ಯಾಹ್ನ ಊಟ ಮುಗಿದ ಹೊತ್ತಿನಲ್ಲಿ ಅವಳ ಮನೆಯಲ್ಲಿ ಎಂಥ ಹಾಲು ಉಕ್ಕುತ್ತದೋ ದೇವರಿಗೇ ಗೊತ್ತು. ಇನ್ನು ಉಳಿದವರು ನೀವು. ಕೂತುಕೊಳ್ಳಿ, ನಿಧಾನಕ್ಕೆ ಹೇಳುತ್ತೇನೆ.

ಮೊದಲು ನಮ್ಮವರ ವಿಷಯ ಹೇಳಬೇಕು. ಇವರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಗ್ಗೆ ಎದ್ದು ಆಳುಗಳ ಹಾಜರಿ ಕೂಗುವುದು, ಯಾರು ಯಾವ ಬ್ಲಾಕಿಗೆ ಅಂತ ಹಂಚುವುದು, ಸಂಜೆ ಹಣ್ಣು ಅಳೆಸುವುದು, ಇದೇ ಜೀವನ. ಕೆಲಸ ಬಿಟ್ಟ ಮೇಲೆ ಕೂಗಲಿಕ್ಕೆ ಹಾಜರಿ ಇಲ್ಲದೆ ಕೆಲವು ದಿನ ನನ್ನ ಹೆಸರನ್ನೇ ಕೂಗಿಕೊಂಡು ಓಡಾಡಿದರು. ಆಮೇಲೆ ನನ್ನ ಜೊತೆ ಅಂಗಡಿಗೆ ಬಂದು ಕೂತರು. ನಿಜ ಹೇಳಬೇಕೆಂದರೆ ನನ್ನ ಸಂಸಾರ ಶುರುವಾಗಿದ್ದೇ ಆಗ. ಸಂಜೆ ಆರಕ್ಕೆ ಶಟರ್ ಅರ್ಧ ಎಳೆದು, ಅವತ್ತೇ ಹುರಿದ ಬೀಜದ ಪುಡಿಯಲ್ಲಿ ಎರಡು ಲೋಟ ಕಾಫಿ ಮಾಡಿ, ತಕ್ಕಡಿಯ ಆಚೆ ಅವರು, ಈಚೆ ನಾನು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರು ಯಾರ ಮನೆಗೆ ಹೋಗುವುದು ಬಿಟ್ಟರು, ಪಕ್ಕದ ಬೇಕರಿಯವನ ಬನ್ನು ಯಾಕೆ ದಿನೇದಿನೇ ಸಣ್ಣದಾಗುತ್ತಿದೆ, ಹೀಗೆ ಮಾತು. ಎಸ್ಟೇಟಿನ ಕಾಲದಲ್ಲಿ ಮನೆಗೆ ಬಂದರೆ ಉಂಡು ಮಲಗುತ್ತಿದ್ದ ಮನುಷ್ಯ ಒಂದು ಗಂಟೆ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ನನಗೆ ಅದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ.

ಅಷ್ಟರಲ್ಲಿ ಆಲ್ದೂರಿನ ಮಂಜಣ್ಣ ಬಂದ. ಗೊಬ್ಬರದ ಅಂಗಡಿ ಇಟ್ಟಿರುವ ಇವರ ಹಳೇ ಸ್ನೇಹಿತ. ಬಂದವನು ನಾನು ಕೊಟ್ಟ ಕಾಫಿ ಕುಡಿದು, ಚಕ್ಕುಲಿ ತಿಂದು, ಇವರ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟು ಹೋದ. ಕೋಟೆ, ರಾಜರು, ಮಾಟಗಾತಿಯರು, ಕುಳ್ಳರು, ಬೆಂಕಿ ಉಗುಳುವ ರೆಕ್ಕೆಯ ಹಾವು. ಎಲ್ಲರ ರಾಜ್ಯವೂ ಒಂದೇ ನಕ್ಷೆಯಲ್ಲಿ. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗಿ ಬಾವುಟ ಕಿತ್ತು ತರಬೇಕು. ಇವರಿಗೆ ಮತ್ತೆ ಹಾಜರಿ ಕೂಗಲಿಕ್ಕೆ ಆಳು ಸಿಕ್ಕ ಹಾಗಾಯಿತು. ಆದರೆ ಇವರೂ ಮಂಜಣ್ಣನೂ ಸೇರಿ ಯುದ್ಧಕ್ಕೆ ಹೊರಡುವ ಹೊತ್ತು ಯಾವುದು ಅಂತೀರಿ? ಸಂಜೆ ಆರು! ಒಂದು ದಿನ ನಾನು, "ರೀ, ಹಿಂದಿನ ಬೀದಿಯವರ ಮಗಳ ಮದುವೆ ಮುರಿದುಬಿತ್ತಂತೆ" ಅಂದೆ. "ಬೀಳದೆ ಏನು, ಗೋಡೆ ಗಟ್ಟಿ ಇರಲಿಲ್ಲ" ಅಂದರು, ತಲೆ ಎತ್ತದೆ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನನಗೆ ಅಳು ಬಂತು, ಅಳುವುದರ ಬದಲು ಸಿಟ್ಟು ಮಾಡಿಕೊಂಡೆ. ನನಗೆ ಅದೇ ಸುಲಭ.

"ನನಗೂ ಹಾಕಿಕೊಡಿ ಆ ಆಟಾನ" ಅಂದೆ. ಇವರು ನಕ್ಕರು. "ಅದು ನಿನ್ನಿಂದ ಆಗೋದಲ್ಲ ಮಾರಾಯ್ತಿ. ತಲೆ ಬೇಕು ಅದಕ್ಕೆ." ಬೇರೆ ಏನಾದರೂ ಅಂದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಷರತ್ತು ಅಲ್ಲೇ ಆಯಿತು. ನಾನು ಇವರ ಕೋಟೆಯ ಬಾವುಟ ಕಿತ್ತರೆ ಇನ್ನು ಮೇಲೆ ಆರು ಗಂಟೆಗೆ ಇಬ್ಬರ ಮೊಬೈಲೂ ಚಿಕೋರಿ ಡಬ್ಬಿಯೊಳಗೆ. ನಾನು ಸೋತರೆ ಇನ್ನು ಯಾವತ್ತೂ ಆರು ಗಂಟೆಗೆ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ನನ್ನಂಥವಳು ತುಟಿ ಪಿಟಕ್ಕೆನ್ನದೆ ಇರುವುದೆಂದರೆ ಎಷ್ಟು ದೊಡ್ಡ ಷರತ್ತು ಅಂತ ನಮ್ಮ ಬೀದಿಯವರನ್ನು ಕೇಳಿ ನೋಡಿ. ಯುದ್ಧ ಬರುವ ಭಾನುವಾರ ಅಂತ ಇವರೇ ಗೊತ್ತುಮಾಡಿದರು.

ಆಟವೇನೋ ಬಂತು, ಅರ್ಥವಾಗಬೇಕಲ್ಲ! ಮೊದಲು ಯಾವ ಕುಲದ ರಾಣಿಯಾಗುತ್ತೀ ಅಂತ ಕೇಳಿತು. ಯಾರಿಗೆ ಎಂಥ ಶಕ್ತಿ ಅಂತ ಪುಟಗಟ್ಟಲೆ ಬರೆದಿತ್ತು. ಹಸಿರು ಉಟ್ಟವಳು ಲಕ್ಷಣವಾಗಿದ್ದಳು, ಅವಳನ್ನೇ ಒತ್ತಿದೆ. ಆಮೇಲೆ ರೆಕ್ಕೆ ಇರುವ ಒಬ್ಬಳು ಪುಟ್ಟ ಹುಡುಗಿ ಬಂದು ಬೆರಳು ತೋರಿಸತೊಡಗಿದಳು. ಇಲ್ಲಿ ಒತ್ತು, ಅಲ್ಲಿ ಒತ್ತು, ಬಾವಿ ತೋಡು, ಕಣಜ ಕಟ್ಟು. ಒಂದು ಕಡೆ ಬಾವಿ ಅಂದುಕೊಂಡು ಸೆರೆಮನೆ ಕಟ್ಟಿಬಿಟ್ಟೆ. ಒಳಗೆ ಹಾಕಲು ಯಾರೂ ಇಲ್ಲದೆ ಅದು ಖಾಲಿ ಬಿತ್ತು. ಮೇಲುಗಡೆ ಬಣ್ಣಬಣ್ಣದ ಹರಳುಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಯಾಕೆ ಏರಿದವು ಯಾಕೆ ಇಳಿದವು ಒಂದೂ ತಿಳಿಯದು. ಕೊನೆಗೆ ರೆಕ್ಕೆಯವಳು ಕೋಟೆ ಸುತ್ತಲಿನ ಕಾಡು ತೋರಿಸಿ, ಎಲ್ಲ ಕಡಿದು ಬಯಲು ಮಾಡು ಅಂದಳು. ನೆರಳಿನ ಮರ ಕಡಿಯುವುದೇ! ನಮ್ಮ ಕಡೆ ಕಾಫಿ ಗಿಡವನ್ನಾದರೂ ಕಿತ್ತಾರು, ಮೇಲಿನ ನೆರಳಿಗೆ ಕೈಹಾಕಬೇಕಾದರೆ ಹತ್ತು ಸಲ ಯೋಚನೆ ಮಾಡುತ್ತಾರೆ. ನಾನು ಒತ್ತಲಿಲ್ಲ. ಅವಳು ಬೆರಳು ಇಳಿಸಲಿಲ್ಲ. ನನ್ನ ಹಾಗೇ ಹಟಮಾರಿ. ಮೂಲೆಯಲ್ಲಿ ಒಂದು ಸಣ್ಣ ಗುಣಿಸು ಚಿಹ್ನೆ ಕಾಣಿಸಿತು, ಅದನ್ನು ಒತ್ತಿ ಅವಳನ್ನು ತವರಿಗೆ ಕಳಿಸಿದೆ. ಅಲ್ಲಿಂದ ಮುಂದೆ ಹೇಳಿಕೊಡುವವರು ಯಾರೂ ಇಲ್ಲ.

ಆಗ ನನಗೆ ಕಂಡವರು ನೆರೆಹೊರೆಯವರು. ಆಟವೇ ಇಟ್ಟ ಎರಡು ಪುಟ್ಟ ರಾಜ್ಯಗಳು. ಒಂದು ಕಡೆ ಉದ್ದ ಗಡ್ಡದ ಕುಳ್ಳರು, ಇನ್ನೊಂದು ಕಡೆ ಮೂರು ಜಡೆಯ ಒಬ್ಬಳು ಮಾಟಗಾತಿ. ಕುಳ್ಳರ ಗದ್ದೆಯಲ್ಲಿ ಪೈರು ಮಾಗಿ ಬಾಗಿ ನಿಂತಿತ್ತು, ಮೇಲೆ ಕೆಂಪು ದೀಪ ಮಿನುಗುತ್ತಿತ್ತು, ಕೊಯ್ಯಲು ಜನವಿಲ್ಲ ಅಂತ. ಒತ್ತಿದರೆ ಎರಡು ಚಿತ್ರ ಬಂದವು. ಒಂದು ಕತ್ತಿ. ಇನ್ನೊಂದು ಕೈಗೆ ಕೈ ಹಿಡಿದಿದ್ದು. ನಾನು ಕಳಸದ ಕಡೆ ಚೂರುಪಾರು ಗದ್ದೆ ಇದ್ದವರ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ನಾಟಿಗೆ, ಕೊಯ್ಲಿಗೆ ಕೂಲಿಯವರನ್ನು ಕರೆಯುತ್ತಿರಲಿಲ್ಲ, ಮುಯ್ಯಾಳು. ಇವತ್ತು ನಮ್ಮ ಮನೆಯವರೆಲ್ಲ ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರೆಲ್ಲ ನಮ್ಮ ಗದ್ದೆಗೆ. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಪಕ್ಕದವರ ಪೈರು ಉದುರುತ್ತಿರುವಾಗ ಜಗಲಿಯಲ್ಲಿ ಕೂತವನಿಗೆ ಅಪ್ಪ ಮನುಷ್ಯ ಅನ್ನುತ್ತಿರಲಿಲ್ಲ. ನಾನು ಕೈ ಒತ್ತಿದೆ. ನನ್ನ ಅರ್ಧ ಸೈನ್ಯ ಕತ್ತಿ ಇಟ್ಟು ಕುಡುಗೋಲು ಹಿಡಿದು ಹೊರಟಿತು. ಅತ್ತ ಜಡೆಯವಳ ಸೂರು ಗಾಳಿಗೆ ಹಾರಿತ್ತು. ಉಳಿದರ್ಧ ಅವಳ ಮನೆ ಹೊದಿಸಲು ಹೋಯಿತು.

ಇವರು ಬಗ್ಗಿ ನೋಡಿದರು. ನೋಡಿದವರೇ ನಗಲು ಶುರು ಮಾಡಿ ಕೆಮ್ಮು ಬರುವವರೆಗೆ ನಕ್ಕರು. ನಕ್ಕಿದ್ದು ಸಾಲದೆಂದು ಆಲ್ದೂರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದರು. "ಮಂಜಣ್ಣಾ, ಕೇಳಿದ್ಯಾ? ನಮ್ಮನೆ ರಾಣಿ ಇಡೀ ಸೈನ್ಯಾನ ಕೊಯ್ಲಿಗೆ ಕಳಿಸಿ ಕೂತಿದಾಳೆ!" ಆ ಕಡೆಯಿಂದ ಮಂಜಣ್ಣ, "ಅತ್ತಿಗೆ, ಬುತ್ತಿ ಕಟ್ಟಿ ಕಳಿಸಿದ್ರೋ, ಹಾಗೇ ಕಳಿಸಿದ್ರೋ?" ಅಂದ. ನನ್ನ ಚಕ್ಕುಲಿ ತಿಂದ ಬಾಯಿ ಅದು! "ಬರ್ತಾರೆ ನೋಡ್ತಾ ಇರಿ, ನನ್ನ ಕಷ್ಟಕ್ಕೆ ಅವರೂ ಬರ್ತಾರೆ" ಅಂದೆ. "ಕೂಲಿ ಇಲ್ಲದೆ ಯಾರು ಬರ್ತಾರೆ ಮಾರಾಯ್ತಿ? ಆ ಕೈ ಚಿತ್ರಾನ ಇಷ್ಟು ದಿನದಲ್ಲಿ ಯಾರೂ ಒತ್ತಿದ್ದು ನಾ ನೋಡಿಲ್ಲ" ಅಂದರು ಇವರು. ಎಸ್ಟೇಟಿನವರ ಬುದ್ಧಿ. ಹಾಜರಿ ಹಾಕಿದರೆ ಮಾತ್ರ ಮನುಷ್ಯ ಬಂದ ಅಂತ ಲೆಕ್ಕ. ಬಾಯಿ ಜೋರು ಮಾಡಿದೆನೇ ಹೊರತು ನನಗೂ ಒಳಗೊಳಗೇ ಪುಕುಪುಕು. ಕುಳ್ಳರೇನು ಕಳಸದವರೇ, ಮುಯ್ಯಾಳೆಂದರೆ ಗೊತ್ತಿರಲಿಕ್ಕೆ? ಶನಿವಾರದವರೆಗೂ ನನ್ನ ಸೈನಿಕರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ. ಯಾರೋ ಪೀಬರಿ ಕಾಫಿಪುಡಿ ಕೇಳಿದರೆ ಬರೀ ಚಿಕೋರಿ ಕಟ್ಟಿ ಕೊಟ್ಟೆ.

ಭಾನುವಾರ ಆರಕ್ಕೆ ಶಟರ್ ಅರ್ಧ ಇಳಿಯಿತು. ತಕ್ಕಡಿಯ ಆಚೆ ಇವರು, ಈಚೆ ನಾನು, ಕಾಫಿ ಇಲ್ಲ. ಇವರು ಬಂದರು ನೋಡಿ, ಕುದುರೆ, ಕಾಲಾಳು, ಈಟಿಯವರು, ಮೇಲೆ ಆ ರೆಕ್ಕೆಯ ಹಾವು! ನನ್ನ ಕೋಟೆಯಲ್ಲಿ ಇದ್ದವರು ಇಬ್ಬರು ಮುದುಕರು, ಒಬ್ಬ ಅಡುಗೆಯವನು. ಹಾವು ಬೆಂಕಿ ಉಗುಳಲು ಕೆಳಗಿಳಿಯಬೇಕು, ಇಳಿಯಲು ಬಯಲು ಬೇಕು. ನನ್ನ ಸುತ್ತ ಎಲ್ಲಿದೆ ಬಯಲು? ಅದು ಮರಗಳ ಮೇಲೆ ಸುತ್ತು ಹಾಕಿತು, ಮತ್ತೆ ಹಾಕಿತು. "ಇದೆಂಥ ಕಾಡು ಬೆಳೆಸಿದ್ದೀಯ? ಕಡಿಯೋದಲ್ವಾ?" ಇವರು ರೇಗಿದರು. "ನೆರಳು ರೀ" ಅಂದೆ, ತಣ್ಣಗೆ. ಆದರೆ ಕಾಲಾಳುಗಳಿಗೆ ನೆರಳೇನು ಅಡ್ಡ? ಬಾಗಿಲು ಮುರಿದರು. ಅಡುಗೆಯವನು ಸೌಟು ಹಿಡಿದು ನಿಂತ. ಮುಗಿಯಿತು, ಇನ್ನು ಜೀವಮಾನವೆಲ್ಲ ಆರು ಗಂಟೆಗೆ ಬಾಯಿಗೆ ಬೀಗ ಅಂದುಕೊಂಡೆ.

ಅಷ್ಟರಲ್ಲಿ ಕಹಳೆ ಕೇಳಿಸಿತು. ಬಲಗಡೆಯ ಗುಡ್ಡದಿಂದ ಗಡ್ಡಗಳು ಇಳಿಯುತ್ತಿದ್ದವು! ಒಬ್ಬರಲ್ಲ ಇಬ್ಬರಲ್ಲ, ಕುಳ್ಳರ ಊರಿಗೆ ಊರೇ ಕೊಡಲಿ ಹಿಡಿದು, ನನ್ನ ಸೈನಿಕರನ್ನೂ ಜೊತೆಗೆ ಕರೆದುಕೊಂಡು. ಎಡಗಡೆಯಿಂದ ಮೂರು ಜಡೆ ಬೀಸುತ್ತಾ ಮಾಟಗಾತಿ, ಅವಳ ಹಿಂದೆ ಸೂರು ಹೊದಿಸಿ ಬಂದ ನನ್ನ ಉಳಿದ ಜನ. "ಇವರ್ಯಾಕೆ ಬಂದ್ರು? ಇವರನ್ನ ಯಾರು ಕರೆದ್ರು?" ಇವರ ಧ್ವನಿಯೇ ಬದಲಾಯಿತು. "ಮುಯ್ಯಾಳು ರೀ, ಮುಯ್ಯಾಳು! ಕರೆಯೋದು ಬೇಡ, ತಾವೇ ಬರ್ತಾರೆ!" ನನ್ನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಗಬಾರದು. ಆಗ ನನಗೆ ಇನ್ನೊಂದು ಹೊಳೆಯಿತು. ಎಸ್ಟೇಟಿನಲ್ಲಿ ಕೊಯ್ಲಿನ ಕಾಲಕ್ಕೆ ಇವರು ಆಳುಗಳನ್ನೆಲ್ಲ ಒಂದೇ ಬ್ಲಾಕಿಗೆ ಅಟ್ಟಿ, ಬಂಗಲೆಯ ಹತ್ತಿರ ಒಂದು ನಾಯಿ ಬಿಟ್ಟರೆ ಯಾರನ್ನೂ ಉಳಿಸುತ್ತಿರಲಿಲ್ಲ. ಸಾಹುಕಾರರ ಹತ್ತಿರ ಬೈಸಿಕೊಂಡು ಬಂದಿದ್ದೂ ಉಂಟು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಜನರನ್ನು ಕಾಡಿನ ಮರೆಯಲ್ಲಿ ಇವರ ಕೋಟೆಗೆ ಕಳಿಸಿದೆ. ಅಲ್ಲಿ ನಾಯಿಯೂ ಇರಲಿಲ್ಲ. ಬಾವುಟ ಕೈಗೆ ಬಂತು!

ನಾನು ಸ್ಟೂಲಿನ ಮೇಲೆ ಹತ್ತಿ ಕೂಗಿದ ಕೂಗಿಗೆ ಬಸ್ಸಿಗೆ ಕಾಯುತ್ತಿದ್ದವರು ಓಡಿಬಂದು ಶಟರಿನಡಿ ಬಗ್ಗಿ ನೋಡಿದರು. "ಏನಾಯ್ತು ಅಮ್ಮಾ, ಹಾವಾ?" ಅಂತ ಒಬ್ಬರು ಕೇಳಿದರು. "ಹಾವು ಮರದ ಮೇಲೇ ಉಳೀತು, ನಾನು ಗೆದ್ದೆ!" ಅಂದೆ. ಪಾಪ, ಅವರು ಮಾಡಿನ ಕಡೆ ನೋಡಿಕೊಂಡು ಹಿಂದೆ ಸರಿದರು. ಮಂಜಣ್ಣನಿಗೆ ನಾನೇ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, "ಬುತ್ತಿ ಕಟ್ಟೇ ಕಳಿಸಿದ್ದೆ ಮಂಜಣ್ಣ" ಅಂದೆ.

ಮರುದಿನ ಆರಕ್ಕೆ ಇಬ್ಬರ ಮೊಬೈಲೂ ಚಿಕೋರಿ ಡಬ್ಬಿ ಸೇರಿದವು. ಎರಡು ಲೋಟ ಕಾಫಿ, ನೊರೆ ಸಮೇತ. ಕೂತೆವು. ಕೂತೇ ಇದ್ದೆವು. ಅಷ್ಟು ಹೋರಾಡಿ ಗೆದ್ದುಕೊಂಡ ಆ ಗಂಟೆಯಲ್ಲಿ ನಾವು ಮೊದಲೆಲ್ಲ ಏನು ಮಾತಾಡುತ್ತಿದ್ದೆವು ಅಂತ ನನಗೇ ನೆನಪಾಗಲಿಲ್ಲ. ಬೇಕರಿಯ ಬನ್ನಿನ ಮಾತು ತೆಗೆದೆ, ಅದು ಅಲ್ಲೇ ಮುಗಿಯಿತು. ಆಮೇಲೆ ಇವರು ಲೋಟ ತಿರುಗಿಸುತ್ತಾ, "ಅಲ್ಲ, ನಿಮ್ಮ ಅಪ್ಪನ ಗದ್ದೆಗೆ ನಿಜವಾಗಿಯೂ ಹಾಗೇ ಬರ್ತಿದ್ರಾ? ಯಾರೂ ಕರೀದೆ?" ಅಂದರು. ಮದುವೆಯಾದಾಗಿನಿಂದ ಈ ಮನುಷ್ಯ ನಮ್ಮಪ್ಪನ ಗದ್ದೆಯ ಬಗ್ಗೆ ಒಂದು ಮಾತು ಕೇಳಿದವರಲ್ಲ. ನಾನು ಹೇಳಿದೆ. ನಾಟಿಯ ದಿನ ಅಮ್ಮ ಊರಿಗೆಲ್ಲ ಕಡುಬು ಬೇಯಿಸುತ್ತಿದ್ದುದು, ಲಲಿತೆ ಕೆಸರಿನಲ್ಲಿ ಬಿದ್ದು ತಲೆಗೆ ಭತ್ತದ ಅಗೆಸಸಿ ಮುಡಿದುಕೊಂಡು ಎದ್ದಿದ್ದು, ಅಪ್ಪ ಹಾಸಿಗೆ ಹಿಡಿದ ವರ್ಷ ಬೆಳಗ್ಗೆ ನಾವು ಏಳುವಷ್ಟರಲ್ಲಿ ಗದ್ದೆ ತುಂಬ ಜನ ಇದ್ದಿದ್ದು, ಎಲ್ಲ ಹೇಳಿದೆ. ಇವರು ಲೋಟ ಕೆಳಗಿಟ್ಟು ಕೇಳಿದರು. ಗೆದ್ದೆ ಅಂತ ನನಗೆ ಪೂರ್ತಿ ಅನ್ನಿಸಿದ್ದು ಭಾನುವಾರ ಅಲ್ಲ, ಆಗ.

ಅಷ್ಟರಲ್ಲಿ ಡಬ್ಬಿಯೊಳಗಿಂದ ಕಹಳೆ ಊದಿತು. ಇಬ್ಬರೂ ಡಬ್ಬಿಯನ್ನೇ ನೋಡಿದೆವು. ಸದ್ದು ನನ್ನ ಮೊಬೈಲಿನದು. ಇವರು ಕೈ ಕಟ್ಟಿಕೊಂಡು, ಬಲು ಸಭ್ಯರ ಹಾಗೆ, "ನೀನೇ ಹಾಕಿದ ಷರತ್ತು, ನೋಡಪ್ಪ" ಅಂದರು. ಹೌದು, ನಾನೇ ಹಾಕಿದ್ದು, ಇಲ್ಲ ಅನ್ನುವುದಿಲ್ಲ. ಆದರೆ ಕುಳ್ಳರ ಗದ್ದೆಯಲ್ಲಿ ಎರಡನೇ ಬೆಳೆ ಮಾಗಿದ್ದರೆ? ನನ್ನ ಕಷ್ಟಕ್ಕೆ ಊರಿಗೆ ಊರೇ ಎದ್ದು ಬಂದವರು, ಈಗ ಅವರ ಪೈರು ಉದುರುವಾಗ ನಾನು ಕಾಫಿ ಕುಡಿಯುತ್ತಾ ಕೂತರೆ ಅಪ್ಪ ನನ್ನನ್ನು ಮನುಷ್ಯಳು ಅನ್ನುತ್ತಿದ್ದರಾ? "ರೀ, ಒಂದೇ ನಿಮಿಷ, ಮುಯ್ಯಾಳು ತೀರಿಸಿ ಬಂದುಬಿಡ್ತೀನಿ" ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿತ್ತು.