ಅಂದವಾಗಿ ಬೀಳುತ್ತಿದ್ದವನು

ಹಲ್ಲಿನ ಡಾಕ್ಟರಮ್ಮ ಬೀಳಲೊಲ್ಲರು. ಕನ್ನಡಕದ ಅಂಗಡಿಯವನ ತಾಪತ್ರಯಕ್ಕೆಲ್ಲ ಅದೇ ಮೂಲ. ಸಂಜೆ ಐಕಿಡೊ ಎಂಬ ಜಪಾನಿ ಸಮರಕಲೆಯ ಪರೀಕ್ಷೆ. ಜೊತೆಗಾರರ ಕೈ ಹಿಡಿದು, ತಿರುಗಿಸಿ, ಮ್ಯಾಟಿನ ಮೇಲೆ ಕೆಡವಿದರೆ ಕಂದು ಬೆಲ್ಟ್. ಅವನ ಪಾಲಿಗೆ ಬಂದ ಈ ಹೊಸ ಜೊತೆಗಾರ್ತಿಯೋ, ಬೆಳಗಿನ ಅಭ್ಯಾಸದಲ್ಲಿ ಕಂಬದಂತೆ ನಿಂತುಬಿಟ್ಟರು.

“ಸ್ವಲ್ಪ ಸಡಿಲ ಬಿಡಿ ಮೇಡಂ,” ಎಂದು ಅವನು ಗೋಗರೆದ.

“ನೀವು ಬೀಳಿಸಿ, ಬೀಳ್ತೀನಿ. ನಾನಾಗೇ ಯಾಕೆ ಬೀಳ್ಲಿ?” ಎಂದವರೇ ಅವನ ಮಣಿಕಟ್ಟನ್ನು ಇಕ್ಕಳದಲ್ಲಿ ದವಡೆಹಲ್ಲು ಹಿಡಿದಂತೆ ಹಿಡಿದರು. “ನೋವಾದ್ರೆ ಎಡಗೈ ಎತ್ತಿ.”

ಅವನು ಕೂಡಲೇ ಎತ್ತಿದ.

ಅಂಗಡಿಗೆ ಬಂದರೆ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಪಕ್ಕದ ಕ್ಷೌರದಂಗಡಿಯವನು ಪೌಡರ್ ಡಬ್ಬಿ ತಂದು, “ಅವರ ಕಾಲಡಿ ಒಂಚೂರು ಉದುರ್ಸಣ್ಣ, ಜಾರ್ತಾರೆ” ಎಂದ. ಮಧ್ಯಾಹ್ನ ಯಾರೂ ಇಲ್ಲದಾಗ ಪ್ರಯೋಗಕ್ಕೆಂದು ಉದುರಿಸಿ ನೋಡಿದರೆ ಜಾರಿದವನು ತಾನೇ. ಸೊಂಟ ಹಿಡಿದುಕೊಂಡು ಮನೆಗೆ ಫೋನ್ ಮಾಡಿದರೆ ಹೆಂಡತಿಯ ಚಿಂತೆಯೇ ಬೇರೆ: “ರೀ, ಡಾಕ್ಟ್ರನ್ನ ಎತ್ತಿ ಗಿತ್ತಿ ಹಾಕ್ಬೇಡಿ. ನನ್ನ ಹಲ್ಲು ಅವರ ಹತ್ರ ಅರ್ಧಕ್ಕೆ ನಿಂತಿದೆ.”

ಗಾಜು ಒರೆಸುತ್ತ ಕೂತವನಿಗೆ ಬೇಕರಿಯವನು ನೆನಪಾದ. ಪಕ್ಕದೂರಿಗೆ ಮನೆ ಬದಲಿಸುವ ತನಕ ಅವನೇ ಜೊತೆಗಾರ. ಎಂಥ ಕಾಲವದು! ಕೈ ಹಿಡಿದರೆ ಸಾಕು, ಹೂವಿನಂತೆ ಉರುಳುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಕಿಟಕಿಯ ಹತ್ತಿರ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಅವನು ತಂದ ಬೆಚ್ಚನೆಯ ಬನ್ನು ತಿನ್ನುತ್ತ, ಮಾತಿಲ್ಲದೆಯೂ ಹೊತ್ತು ಹೋಗುತ್ತಿತ್ತು. ಆಮೇಲೆ ಅಂಥ ಗೆಳೆಯ ಸಿಗಲೇ ಇಲ್ಲ. ಕನ್ನಡಕದವನು ಗಾಜು ಕೆಳಗಿಟ್ಟು ಫೋನ್ ಮಾಡಿದ.

“ಬೀಳೋಕೆ ತಾನೇ? ಬಂದೆ ಕಣೋ!”

ಸಂಜೆ ಬೇಕರಿಯವನು ನಿಜಕ್ಕೂ ಬಂದ, ಹೊಟ್ಟೆ ಮುಂದೆ, ತಾನು ಹಿಂದೆ. ಮಾಸ್ಟರು ಜೊತೆ ಬದಲಿಸಲು ಒಪ್ಪಿದರು. ಇಬ್ಬರೂ ಬಾಗಿ ನಮಸ್ಕರಿಸಿದರು. ಕನ್ನಡಕದವನು ಎದೆಯುಬ್ಬಿಸಿ ಕೈ ಮುಂದೆ ಚಾಚಿದ. ಕೈ ತಾಗುವ ಮೊದಲೇ ಬೇಕರಿಯವನು ಗಾಳಿಯಲ್ಲಿ ಒಂದು ಸುತ್ತು ತಿರುಗಿ ಧೊಪ್ಪನೆ ಬಿದ್ದ.

ಡಾಕ್ಟರಮ್ಮ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು.

“ನೀವು ಇವರನ್ನ ಮುಟ್ಟಿದ್ದು ಯಾವಾಗ?” ಎಂದರು ಮಾಸ್ಟರು. “ನಾಳೆಯಿಂದ ಹೊಸಬರ ಸಾಲಲ್ಲಿ ನಿಂತ್ಕೊಳ್ಳಿ. ಜೊತೆಗೆ ಡಾಕ್ಟ್ರೇ ಇರ್ತಾರೆ.”

ಕನ್ನಡಕದವನು ಗೆಳೆಯನ ಪಕ್ಕ ಕುಸಿದು ಕೂತ. “ಆಗಲೂ ಹೀಗೇ ಬೀಳ್ತಿದ್ಯೇನೋ?”

“ಮತ್ತೆ? ಮೊದಲ ವಾರ ನಾನು ಬೀಳದೆ ನಿಂತಾಗ ನೀನು ಅಳೋ ಹಾಗಾಗಿದ್ದೆ. ನೋಡೋಕಾಗ್ಲಿಲ್ಲ ಮಾರಾಯ.”

ಸಿಟ್ಟು ಬರಬೇಕಿತ್ತು; ಬರಲಿಲ್ಲ. ಅಷ್ಟು ವರ್ಷ ತನಗಾಗಿ ಹೀಗೆ ಬಿದ್ದವರು ಇನ್ಯಾರಿದ್ದಾರೆ ಎನ್ನಿಸಿ ಕಣ್ಣು ಒದ್ದೆಯಾಯಿತು. ಆದರೂ ಆಸೆ ಬಿಡಲಿಲ್ಲ.

“ಒಂದ್ಸಲನಾದ್ರೂ ನಾನು ನಿನ್ನನ್ನ ನಿಜವಾಗಿ ಬೀಳ್ಸಿದೀನಾ? ಸತ್ಯ ಹೇಳು.”

ಬೇಕರಿಯವನು ಮಲಗಿದಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದ.

“ಹ್ಞೂಂ, ಒಂದ್ಸಲ,” ಎಂದ ಪ್ರೀತಿಯಿಂದ. “ಬಾಗಿಲಲ್ಲಿ ನಿನ್ನ ಚಪ್ಪಲಿ ಎಡವಿ.”