ನಾನು ಇದ್ದೆ ಅನ್ನೋದಕ್ಕೆ ಪುರಾವೆ

ನಾನು ಇದ್ದೇನೋ ಇಲ್ಲವೋ ಅಂತ ನಾನಾಗಿ ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಆ ಪ್ರಶ್ನೆಯನ್ನು ಬೇರೆಯವರೇ ಎತ್ತುತ್ತಾರೆ, ವಾರಕ್ಕೊಮ್ಮೆಯಾದರೂ.

ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಸಂಡೂರು ಕಡೆಯ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದೆ. ಅತಿಥಿ ಉಪನ್ಯಾಸಕಿ. ವರ್ಷದ ಹಾಜರಿ ಸರಿಯಿದ್ದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಇಲ್ಲ. ಈ ಕೆಲಸ ಹೋದರೆ ಇನ್ನೊಂದು ಹುಡುಕಿಕೊಂಡು ಓಡಾಡುವುದು ಬೇಡ, ಸುಮ್ಮನೆ ಮನೆಯಲ್ಲಿರು ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಅಸ್ತಿತ್ವ ಅನ್ನೋದು ನನಗೆ ಬರೀ ಪಠ್ಯದ ವಿಷಯವಾಗಿರಲಿಲ್ಲ.

೧. ಯಂತ್ರ

ಹಾಜರಿ ಪುಸ್ತಕ ತೆಗೆದುಹಾಕಿ, ಬಾಗಿಲ ಬಳಿ ಮುಖ ಗುರುತಿಸುವ ಯಂತ್ರ ಹಾಕಿದರು. ಎಲ್ಲರ ಮುಖಕ್ಕೂ ಹಸಿರು ದೀಪ, ನನ್ನದಕ್ಕೆ ಎರಡು ದಿನಕ್ಕೊಮ್ಮೆ ಕೆಂಪು. ಅದಿರಿನ ಲಾರಿಗಳ ಹಿಂದೆ ಬಸ್ಸು ಬರುವಷ್ಟರಲ್ಲಿ ಮುಖದ ಮೇಲೆ ಒಂದು ಪದರ ಕೆಂಧೂಳು ಕೂತಿರುತ್ತದೆ. ಅದಕ್ಕೇ ಇರಬೇಕು ಅಂತ ತೊಳೆದುಕೊಂಡು ಬಂದೆ. ಆಗಲೂ ಕೆಂಪೇ. ಹಾಜರಿ ನೋಡುವ ಗುಮಾಸ್ತರು ಕಂಪ್ಯೂಟರಿನಲ್ಲಿ ನನ್ನ ಫೋಟೋ ತೆಗೆದು ನೋಡಿ ಕಾರಣ ಕಂಡುಹಿಡಿದರು.

“ಫೋಟೋದಾಗ ನೀವು ನಕ್ಕೀರಿ ಮೇಡಂ. ಸ್ವಲ್ಪ ನಗ್ರಿ, ಹಿಡಿತೈತಿ.”

ಆ ಫೋಟೋ ಕೆಲಸ ಸಿಕ್ಕ ದಿನ ತೆಗೆದದ್ದು. ಅಂಥ ನಗು ಆಮೇಲೆ ನನಗೇ ಸಿಕ್ಕಿಲ್ಲ, ಯಂತ್ರಕ್ಕೆ ಎಲ್ಲಿಂದ ತಂದು ತೋರಿಸಲಿ?

೨. ದೊಡ್ಡಪ್ಪ

ಈ ಮೇಜು, ಈ ಗೋಡೆ, ಕೊನೆಗೆ ನಮ್ಮ ಮೈ, ಎಲ್ಲದರ ಮೇಲೂ ಸಂಶಯ ಪಡಬಹುದು. ಆದರೆ ಸಂಶಯ ಪಡುವವರು ಇದ್ದೇ ಇರಬೇಕಲ್ಲ, ಅದೊಂದು ಮಾತ್ರ ಖಚಿತ ಅಂತ ಪಾಠ ಮಾಡಿದೆ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ಅಲ್ಲಲ್ಲಿ ಎಡವುತ್ತದೆ. ಅವತ್ತು ಎಡವಲಿಲ್ಲ. ಆಗ ಹತ್ತಿರದ ವಡ್ಡು ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

“ನಮ್ಮ ದೊಡ್ಡಪ್ಪಗ ಯಾವುದರ ಮ್ಯಾಲೂ ಒಂದು ದಿನಾನೂ ಸಂಶಯ ಬಂದಿಲ್ರಿ ಮಿಸ್. ಹಂಗಾರ ಅವರು ಇಲ್ಲೇನ್ರಿ?”

ಹಾಗೆ ಹೇಳೋಕೆ ಬರಲ್ಲ ಅಂತ ಏನೋ ಶುರು ಮಾಡಿದೆ. ಅವಳಿಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಉತ್ತರವನ್ನೂ ತಾನೇ ಕೊಟ್ಟಳು.

“ಮನ್ಯಾಗ ಇರೋರು ಅವರೊಬ್ಬರ ಮಿಸ್. ಸಂಶಯ ಪಡೋರು ನಾವೆಲ್ಲ ಅವರ ಮುಂದ ಇಲ್ಲದಂಗ ಇರ್ತೀವಿ.”

ಇಡೀ ಕ್ಲಾಸು ಒಪ್ಪಿತು. ನಾನು ಬೋರ್ಡ್ ಒರೆಸಿದೆ.

೩. ಎರಡು ಚಾ

ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಇರಲಿಲ್ಲ, ಕಿಟಕಿಯ ಕಟ್ಟೆಯೇ ನನ್ನ ಮೇಜು. ಮಧ್ಯಾಹ್ನ ಅಲ್ಲಿ ಇಬ್ಬರು ಹಿರಿಯರ ಜಗಳ. ಒಬ್ಬರು ಸಂಸ್ಕೃತದ ಮೇಷ್ಟ್ರು, ವೈಷ್ಣವರು. ಇನ್ನೊಬ್ಬರು ಕಾಮರ್ಸ್‌ನವರು, ಶೈವರು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ಮನೆಯವರು. ಜೀವ ಕಡೆಗೂ ಶಿವನಲ್ಲಿ ಒಂದಾಗುತ್ತದೆ, ಆಮೇಲೆ ‘ನಾನು’ ಎಲ್ಲಿ ಉಳಿಯಿತು ಅಂತ ಕಾಮರ್ಸ್‌ನವರು. ಉಂಟೇ, ಒಂದೊಂದು ಜೀವವೂ ಬೇರೆ, ಒಂದೊಂದೂ ಸತ್ಯ, ಹುಲ್ಲಿನಲ್ಲಿರುವ ಹುಳವನ್ನೂ ಇಲ್ಲ ಅನ್ನುವಂತಿಲ್ಲ ಅಂತ ಮೇಷ್ಟ್ರು. ಮನಸ್ಸಿನಲ್ಲೇ ನಾನು ಮೇಷ್ಟ್ರ ಪಕ್ಷ ಸೇರಿಕೊಂಡೆ. ಅಷ್ಟರಲ್ಲಿ ಅಟೆಂಡರ್ ಬಂದು ಎಷ್ಟು ಚಾ ತರಲಿ ಅಂದ. ಮೇಷ್ಟ್ರು ಕೋಣೆಯನ್ನು ಒಮ್ಮೆ ಪೂರ್ತಿ ನೋಡಿದರು. ಕಿಟಕಿಯನ್ನೂ ನೋಡಿದರು.

“ಎರಡು ತಗೊಂಬಾ. ನಾವಿಬ್ಬರ ಅದೀವಿ.”

೪. ಮೆಮೋ

ವರ್ಷದ ಕೊನೆಗೆ ಪ್ರಿನ್ಸಿಪಾಲರು ಕರೆಸಿದರು. ಯಂತ್ರದ ಪ್ರಕಾರ ನಾನು ಅರ್ಧ ವರ್ಷ ಬಂದೇ ಇಲ್ಲ. ಮಾಡಿದ ಪಾಠಗಳ ಡೈರಿ ತೋರಿಸಿದೆ, ತಿದ್ದಿದ ಉತ್ತರಪತ್ರಿಕೆ ತೋರಿಸಿದೆ. ಅವರು ಪ್ರತಿಯೊಂದನ್ನೂ ತಾಳ್ಮೆಯಿಂದ ನೋಡಿದರು. ಕೆಟ್ಟ ಮನುಷ್ಯರೇನಲ್ಲ.

“ಪಾಠ ಆಗ್ಯಾವ, ಅದನ್ನ ನಾನೂ ಒಪ್ತೀನಿ. ಯಾರು ಮಾಡಿದ್ರು ಅನ್ನಾದಕ್ಕ ದಾಖಲೆ ಇಲ್ಲ ನೋಡ್ರಿ.”

ಟೈಪ್ ಮಾಡಿದ ಹಾಳೆಯೊಂದನ್ನು ಮುಂದಿಟ್ಟರು. ಇವತ್ತಿನ ದಿನವೂ ಸೇರಿದಂತೆ ಅನಧಿಕೃತವಾಗಿ ಗೈರಾಗಿರುವುದರಿಂದ ಸೇವೆ ಮುಂದುವರಿಸಲಾಗದು ಅಂತಿತ್ತು. ಕೆಳಗೆ, ಖುದ್ದಾಗಿ ಪಡೆದಿದ್ದಕ್ಕೆ ಸಹಿ, ತಾರೀಕು, ಹೊತ್ತು ಹಾಕಲು ಜಾಗ.

ಇಡೀ ವರ್ಷ ಆ ಕೋಣೆಯಲ್ಲಿ ಬಾಯಿ ಬಿಡದವಳು ಅವತ್ತು ಕೇಳಿದೆ: “ಸರ್, ಇವತ್ತೂ ನಾನು ಗೈರು ಅಂತಿದೆ. ಹಾಗಾದ್ರೆ ಸಹಿ ಮಾಡೋದು ಯಾರು?”

“ತತ್ವಶಾಸ್ತ್ರ ನಿಮ್ಮ ಸಬ್ಜೆಕ್ಟ್ ಅಲ್ಲೇನ್ರಿ,” ಅಂದರು, “ನಮ್ಮನ್ನ ಕೇಳಿದ್ರ ಹೆಂಗ?”

ಸಹಿ ಮಾಡಿದೆ. ಗುಮಾಸ್ತರು ಅದನ್ನು ಫೈಲಿನಲ್ಲಿದ್ದ ಹಳೆಯ ಸಹಿಯ ಪಕ್ಕದಲ್ಲಿಟ್ಟು, ಕನ್ನಡಕ ಮೇಲೇರಿಸಿ, ಎರಡೆರಡು ಸಲ ನೋಡಿ, ಇದು ನಿಮ್ಮದೇ ಸಹಿ ಮೇಡಂ, ಏನೂ ಸಂಶಯ ಇಲ್ಲ ಅಂತ ಮುದ್ರೆ ಒತ್ತಿದರು. ಕೆಂಪು ದೀಪ ಬಿದ್ದ ಅಷ್ಟೂ ದಿನಗಳಲ್ಲಿ ನಾನು ಆ ಕಾಲೇಜಿನಲ್ಲಿ ಖುದ್ದಾಗಿ ಹಾಜರಿದ್ದೆ ಅನ್ನೋದಕ್ಕೆ ತಕರಾರಿಲ್ಲದ ದಾಖಲೆ ಅದೊಂದೇ: ನನ್ನನ್ನು ತೆಗೆದುಹಾಕಿದ ಹೊತ್ತು, ಮಧ್ಯಾಹ್ನ ಮೂರೂ ಹತ್ತು.